ಅಪ್ಪ, ಅಮ್ಮ, ಮಕ್ಕಳ ಜೊತೆ ಬೇಸಿಗೆ ರಜೆಗೆ ಥೈಲ್ಯಾಂಡ್: ಬ್ಯಾಂಕಾಕ್ ಜೊತೆಗೆ ಯಾವ ಕಡಲೂರು?

ಅರಸೀಕೆರೆ_ಜಂಕ್ಷನ್
ಎಲ್ಲರಿಗೂ ನಮಸ್ಕಾರ. ಬರುವ ಬೇಸಿಗೆ ರಜೆಯಲ್ಲಿ ಥೈಲ್ಯಾಂಡ್‌ಗೆ ಹೋಗೋಣ ಅಂತ ಮನೆಯಲ್ಲಿ ಮಾತಾಗಿದೆ. ಒಟ್ಟು ಆರು ಜನ. ನಾನು, ನಮ್ಮ ಯಜಮಾನರು, 13 ಮತ್ತು 8 ವರ್ಷದ ಮಕ್ಕಳು, ಅಪ್ಪ, ಅಮ್ಮ. ಅಪ್ಪನಿಗೆ 72. ಅಮ್ಮನಿಗೆ 66, ಮಂಡಿನೋವು ಇದೆ, ಮೊಟ್ಟೆ ಕೂಡ ಮುಟ್ಟುವುದಿಲ್ಲ. ಇಬ್ಬರೂ ಇದುವರೆಗೆ ವಿಮಾನ ಹತ್ತಿಲ್ಲ.

ಏಳು ರಾತ್ರಿ ಇದೆ. ಮಕ್ಕಳಿಗೆ ಸಮುದ್ರ ಬೇಕು. ಯಜಮಾನರಿಗೆ ಬ್ಯಾಂಕಾಕ್ ನೋಡಬೇಕು. ಅಮ್ಮ, ಒಂದೆರಡು ದೇವಸ್ಥಾನ ಇದ್ದರೆ ಸಾಕು ಅಂತಾರೆ. ಅಪ್ಪ ಏನೂ ಕೇಳುವುದಿಲ್ಲ. "ನೀವು ಎಲ್ಲಿಗೆ ಕರೆದುಕೊಂಡು ಹೋದರೂ ಸರಿ" ಅಂತ ಅಷ್ಟೇ. ಅವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದವರು. ಅರಸೀಕೆರೆ-ಹುಬ್ಬಳ್ಳಿ ದಾರಿಯಲ್ಲೇ ಅರ್ಧ ಆಯುಷ್ಯ ಕಳೆದರು. ಹಬ್ಬಹರಿದಿನ ಎಲ್ಲ ಬ್ರೇಕ್ ವ್ಯಾನ್‌ನಲ್ಲೇ. ಈ ಒಂದು ಪ್ರವಾಸ ಅವರಿಗೂ ಇಷ್ಟ ಆಗಬೇಕು ಅನ್ನುವುದು ನನ್ನ ಆಸೆ.

ಫುಕೆಟ್, ಕ್ರಾಬಿ, ಪಟ್ಟಾಯ, ಹುವಾ ಹಿನ್, ಸಮುಯ್ ಅಂತ ಐದು ಹೆಸರು ಬರೆದಿಟ್ಟುಕೊಂಡಿದ್ದೇನೆ. ಯಾವುದು ಸರಿ? ಮೊದಲು ಕಡಲೋ, ಮೊದಲು ಊರೋ? ಏಪ್ರಿಲ್ ಒಳ್ಳೆಯದಾ, ಮೇ ಒಳ್ಳೆಯದಾ?

ಹುಬ್ಬಳ್ಳಿ_ಮಂದಿ
ಅಕ್ಕಾರೇ, ಪಟ್ಟಾಯ ಮಾಡ್ರಿ. ಬ್ಯಾಂಕಾಕ್‌ನಿಂದ ಎರಡೇ ತಾಸು, ಸುಮಾರು 150 ಕಿಲೋಮೀಟರ್. ಊರಿನ ಹೆಸರು ಕೇಳಿದರೆ ಜನ ಏನೇನೋ ಅಂದುಕೊಳ್ಳುತ್ತಾರೆ. ನಾವು ಮನೆಮಂದಿ ಎಲ್ಲ ಸೇರಿ ಹೋಗಿದ್ದೆವು. ಊರಿನ ಉತ್ತರಕ್ಕೆ ಇಡೀ ಮರದಲ್ಲೇ ಕಟ್ಟಿದ ದೊಡ್ಡ ದೇಗುಲದಂಥ ಕಟ್ಟಡ ಇದೆ, 'ಸತ್ಯದ ಮಂದಿರ' ಅಂತ. ಒಳಗೆ ಬ್ರಹ್ಮ, ವಿಷ್ಣು, ಶಿವ, ಬುದ್ಧ ಎಲ್ಲ ಕೆತ್ತಿದ್ದಾರೆ, ಇನ್ನೂ ಕೆತ್ತುತ್ತಲೇ ಇದ್ದಾರೆ. ನಮ್ಮ ತಾಯಿ ಅಲ್ಲಿ ಎರಡು ತಾಸು ಕೂತರು. ಇನ್ನೊಂದು ನೋಂಗ್ ನೂಚ್ ತೋಟ. ಕೋ ಲಾನ್ ದ್ವೀಪಕ್ಕೆ ಬೋಟ್‌ನಲ್ಲಿ ಹೋಗಿ ಬರಬಹುದು, ಅಲ್ಲಿ ನೀರು ತಿಳಿಯಾಗಿರುತ್ತದೆ. ಸಸ್ಯಾಹಾರಿ ಭಾರತೀಯ ಊಟ ಬೇಕಾದಷ್ಟು.

ಕಬ್ಬಿನಗದ್ದೆ
ಹುಬ್ಬಳ್ಳಿಯವರು ಹೇಳಿದ್ದು ಸರಿ, ಆದರೆ ಹೋಗುವ ರೀತಿ ಮುಖ್ಯ. ನಾವು ಎರಡು ವರ್ಷದ ಹಿಂದೆ ನಮ್ಮೂರಿನ ಒಬ್ಬ ಏಜೆಂಟ್ ಹತ್ತಿರ ಐದು ದಿನದ ಪ್ಯಾಕೇಜ್ ತೆಗೆದುಕೊಂಡೆವು. ಬೆಳಿಗ್ಗೆ ಏಳಕ್ಕೆ ಬಸ್ಸು ಹತ್ತಿಸುವುದು, ರಾತ್ರಿ ಹತ್ತಕ್ಕೆ ಇಳಿಸುವುದು. ಐದು ದಿನದಲ್ಲಿ ಮೂರು ಸಲ ಹರಳಿನ ಅಂಗಡಿ, ಚರ್ಮದ ಅಂಗಡಿಗೆ ಕರೆದುಕೊಂಡು ಹೋಗಿ ಒಂದೊಂದು ಗಂಟೆ ಕೂರಿಸಿದರು. ಸಮುದ್ರಕ್ಕೆ ಇಳಿದದ್ದು ನಲವತ್ತು ನಿಮಿಷ. ನಮ್ಮ ತಂದೆ ಮೂರನೇ ದಿನ "ನಾನು ರೂಮಲ್ಲೇ ಇರುತ್ತೇನೆ, ನೀವು ಹೋಗಿ ಬನ್ನಿ" ಅಂದುಬಿಟ್ಟರು. ಆ ಮಾತು ನನಗೆ ಇನ್ನೂ ನೋವು ಕೊಡುತ್ತದೆ. ವಯಸ್ಸಾದವರು ಜೊತೆಗಿದ್ದರೆ ದಯವಿಟ್ಟು ನೀವೇ ಬುಕ್ ಮಾಡಿಕೊಳ್ಳಿ. ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ.

ತುಂಗಾತೀರ
ಊರು ಶಿವಮೊಗ್ಗ, ಬ್ಯಾಂಕಾಕ್‌ಗೆ ಬಂದು ಹತ್ತು ವರ್ಷ ಆಯಿತು. ಪ್ರತಿ ಬೇಸಿಗೆಗೂ ನಮ್ಮ ಮನೆಗೆ ಊರಿನಿಂದ ಯಾರಾದರೂ ಬರುತ್ತಾರೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಮೊದಲು ಹವೆ. ಥೈಲ್ಯಾಂಡ್‌ಗೆ ಎರಡು ಕಡಲು ಇವೆ. ಪಶ್ಚಿಮಕ್ಕೆ ಅಂಡಮಾನ್ ಸಮುದ್ರ. ಫುಕೆಟ್, ಕ್ರಾಬಿ ಆ ಕಡೆ. ನಮ್ಮ ಕರಾವಳಿಗೆ ಬರುವ ನೈರುತ್ಯ ಮುಂಗಾರೇ ಅಲ್ಲಿಗೂ ಬರುವುದು, ನಮಗಿಂತ ಸ್ವಲ್ಪ ಮುಂಚೆ. ಮೇ ತಿಂಗಳ ಮಧ್ಯದಿಂದ ಅಲೆ ಜೋರಾಗುತ್ತದೆ, ದಡದಲ್ಲಿ ಕೆಂಪು ಬಾವುಟ ನೆಡುತ್ತಾರೆ. ಸಿಮಿಲಾನ್ ದ್ವೀಪಗಳನ್ನಂತೂ ಮೇ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚೇ ಬಿಡುತ್ತಾರೆ. ಪೂರ್ವಕ್ಕೆ ಥೈಲ್ಯಾಂಡ್ ಕೊಲ್ಲಿ. ಸಮುಯ್, ಹುವಾ ಹಿನ್, ಪಟ್ಟಾಯ ಎಲ್ಲ ಅಲ್ಲಿ. ಆ ಕಡೆ ದೊಡ್ಡ ಮಳೆ ಬರುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳು ನೀರಿಗೆ ಇಳಿಯಬೇಕು ಅಂದರೆ ಕೊಲ್ಲಿಯ ಕಡೆಯೇ ಒಳ್ಳೆಯದು.

ಅದರಲ್ಲಿ ನನ್ನ ಮತ ಹುವಾ ಹಿನ್‌ಗೆ. ಬ್ಯಾಂಕಾಕ್‌ನಿಂದ ಸುಮಾರು 200 ಕಿಲೋಮೀಟರ್ ದಕ್ಷಿಣಕ್ಕೆ. ವಿಮಾನ ಬೇಡ, ಹಡಗು ಬೇಡ. ಇಲ್ಲಿನ ರಾಜಮನೆತನದವರು ನೂರು ವರ್ಷದಿಂದ ಬೇಸಿಗೆಗೆ ಹೋಗುವ ಊರು. ಅವರ ಅರಮನೆಯ ಹೆಸರೇ 'ಕ್ಲಾಯ್ ಕಾಂಗ್ವೋನ್', ಚಿಂತೆಯಿಂದ ದೂರ ಅಂತ ಅರ್ಥ. 1932ರ ಜೂನ್‌ನಲ್ಲಿ ಬ್ಯಾಂಕಾಕ್‌ನಲ್ಲಿ ಕ್ರಾಂತಿ ಆಗಿ ರಾಜನ ಪೂರ್ಣಾಧಿಕಾರ ಹೋದಾಗ, ಆಗಿನ ರಾಜ ಏಳನೇ ರಾಮ ಇದೇ ಅರಮನೆಯಲ್ಲಿದ್ದ. ವಾರಾಂತ್ಯದಲ್ಲಿ ಬ್ಯಾಂಕಾಕ್‌ನ ಸಂಸಾರಗಳು ಅಜ್ಜ-ಅಜ್ಜಿಯರನ್ನು ಕರೆದುಕೊಂಡು ಬರುತ್ತವೆ. ಅದಕ್ಕೇ ಊರು ನಿಧಾನ, ಹಿರಿಯರಿಗೆ ಹೊಂದಿಕೊಳ್ಳುತ್ತದೆ.

ಮತ್ತೆ ಒಂದು ವಿಷಯ. ನಿಮ್ಮ ತಂದೆ ರೈಲ್ವೆಯವರು ಅಂದಿರಿ ಅಲ್ವಾ? ಹುವಾ ಹಿನ್‌ಗೆ ರೈಲಿನಲ್ಲಿ ಹೋಗಿ. ಇಲ್ಲಿನ ರೈಲು ಇವತ್ತಿಗೂ ಮೀಟರ್ ಗೇಜ್, ಎರಡು ಹಳಿಗಳ ನಡುವೆ ಒಂದೇ ಮೀಟರ್.

ಅರಸೀಕೆರೆ_ಜಂಕ್ಷನ್
ತುಂಗಾತೀರ ಅಕ್ಕ, ನಿಮ್ಮ ಕೊನೆಯ ಸಾಲನ್ನು ಅಪ್ಪನಿಗೆ ಓದಿ ಹೇಳಿದೆ. ಪೇಪರ್ ಓದುತ್ತಿದ್ದವರು ಕನ್ನಡಕ ತೆಗೆದು "ಇನ್ನೂ ಓಡ್ತಾ ಇದೆಯಾ? ಮೇನ್ ಲೈನ್‌ನಲ್ಲಿ?" ಅಂತ ಕೇಳಿದರು. ನಮ್ಮ ಕಡೆ ತೊಂಬತ್ತರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಅಪ್ಪ ಕೆಲಸಕ್ಕೆ ಸೇರಿದಾಗ ಎಲ್ಲ ಮೀಟರ್ ಗೇಜೇ. ಆಮೇಲೆ ನನ್ನ ಮಗನ ಸ್ಕೇಲ್ ತೆಗೆದುಕೊಂಡು "ಒಂದು ಸಾವಿರ ಮಿಲಿಮೀಟರ್ ಅಂದರೆ ಇಷ್ಟು" ಅಂತ ನೆಲದ ಮೇಲೆ ಅಳೆದು ತೋರಿಸಿದರು. ಪ್ರವಾಸದ ಬಗ್ಗೆ ಅವರು ತಾವಾಗಿ ಮಾತಾಡಿದ್ದು ಇದೇ ಮೊದಲು.

ರೈಲಿನ ವಿಚಾರ ಇನ್ನಷ್ಟು ಹೇಳುತ್ತೀರಾ?

ತುಂಗಾತೀರ
ಖಂಡಿತ ಹೇಳುತ್ತೇನೆ.

ದಕ್ಷಿಣದ ದಾರಿ 1903ರಲ್ಲಿ ಪೆಚಬುರಿಯವರೆಗೆ ಬಂತು, 1911ರಲ್ಲಿ ಹುವಾ ಹಿನ್ ಮುಟ್ಟಿತು. ಆ ಊರು ಬೆಳೆದದ್ದೇ ರೈಲಿನಿಂದ. ಈಗ ಆ ದಾರಿ ಜೋಡಿ ಹಳಿ ಆಗಿದೆ, ಆದರೆ ಗೇಜ್ ಅದೇ. 2023ರ ಕೊನೆಯಲ್ಲಿ ಹುವಾ ಹಿನ್‌ಗೆ ಎತ್ತರಿಸಿದ ಹೊಸ ನಿಲ್ದಾಣ ಬಂತು. ಹಳೆಯ ಮರದ ನಿಲ್ದಾಣವನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕೆಂಪು ಮತ್ತು ಕೆನೆ ಬಣ್ಣ, ಪಕ್ಕದಲ್ಲಿ ರಾಜರಿಗಂತ ಪುಟ್ಟ ನಿರೀಕ್ಷಣಾ ಕೊಠಡಿ. ತಂದೆಯವರನ್ನು ಅಲ್ಲಿ ಒಂದು ಗಂಟೆ ಅವರ ಪಾಡಿಗೆ ಬಿಡಿ.

ಬ್ಯಾಂಕಾಕ್‌ನಲ್ಲಿ ಎರಡು ನಿಲ್ದಾಣ ಇವೆ, ಇಲ್ಲಿ ತುಂಬಾ ಜನ ಎಡವುತ್ತಾರೆ. 2023ರ ಜನವರಿಯಿಂದ ದೂರದ ಎಕ್ಸ್‌ಪ್ರೆಸ್ ರೈಲುಗಳೆಲ್ಲ ಬಾಂಗ್ ಸೂ ಬಡಾವಣೆಯ ಕ್ರುಂಗ್ ತೇಪ್ ಅಪಿವಾಟ್ ನಿಲ್ದಾಣದಿಂದ ಹೊರಡುತ್ತವೆ. ಅದು ತುಂಬಾ ದೊಡ್ಡದು, ಲಿಫ್ಟ್, ಎಸ್ಕಲೇಟರ್ ಎಲ್ಲ ಇದೆ, ಅಮ್ಮನವರ ಮಂಡಿಗೆ ತೊಂದರೆ ಇಲ್ಲ. 1916ರ ಹಳೆಯ ಹುವಾ ಲಂಪೋಂಗ್ ನಿಲ್ದಾಣದಿಂದ ಈಗ ಸಾಮಾನ್ಯ ರೈಲು ಮಾತ್ರ. ಟಿಕೆಟ್‌ನಲ್ಲಿ ಯಾವ ನಿಲ್ದಾಣ ಇದೆ ಅಂತ ಎರಡು ಸಲ ನೋಡಿಕೊಳ್ಳಿ.

ನನ್ನ ಸಲಹೆ: ಹೋಗುವಾಗ ಅಪಿವಾಟ್‌ನಿಂದ ಬೆಳಗಿನ ಎ.ಸಿ. ರೈಲು ಹಿಡಿಯಿರಿ, ಮೂರು ಮೂರೂವರೆ ಗಂಟೆ. ಬರುವಾಗ ಮೂರನೇ ದರ್ಜೆಯ ಸಾಮಾನ್ಯ ರೈಲು. ನಾಲ್ಕು ಗಂಟೆಗೂ ಜಾಸ್ತಿ ಹಿಡಿಯುತ್ತದೆ, ಟಿಕೆಟ್ ಇಲ್ಲಿನ ದುಡ್ಡಿನಲ್ಲಿ 50 ಬಾತ್‌ಗಿಂತ ಕಡಿಮೆ. ಕಿಟಕಿ ತೆರೆದಿರುತ್ತದೆ, ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಪ್ರತಿ ನಿಲ್ದಾಣದಲ್ಲೂ ಹಣ್ಣು, ನೀರು, ತಿಂಡಿ ಮಾರುವವರು ಹತ್ತಿ ಇಳಿಯುತ್ತಾರೆ. ಪೆಚಬುರಿ ಸುತ್ತ ಗದ್ದೆಯ ಬದುವಿನ ತುಂಬ ತಾಳೆಮರ. ತಾಟಿನುಂಗು, ತಾಳೆಬೆಲ್ಲ ಎರಡಕ್ಕೂ ಆ ಸೀಮೆ ಹೆಸರುವಾಸಿ.

ಕಲಬುರ್ಗಿ_ಬಿಸಿಲು
ನಾವು 42 ಡಿಗ್ರಿ ಕಂಡವರು, ಬ್ಯಾಂಕಾಕ್‌ನ 36 ಏನು ಮಹಾ ಅಂದುಕೊಂಡು ಏಪ್ರಿಲ್‌ನಲ್ಲಿ ಹೋದೆವು. ಆ ಬಿಸಿಲೇ ಬೇರೆ. ನಮ್ಮ ಕಡೆ ಒಣಬಿಸಿಲು, ನೆರಳಿಗೆ ಬಂದರೆ ಜೀವ ಬರುತ್ತದೆ. ಅಲ್ಲಿ ನೆರಳಲ್ಲೂ ಬೆವರು ನಿಲ್ಲುವುದಿಲ್ಲ. ನಮ್ಮ ಅತ್ತೆಯವರಿಗೆ ಎರಡನೇ ದಿನ ಅರಮನೆಯ ಅಂಗಳದಲ್ಲಿ ತಲೆಸುತ್ತು ಬಂತು. ಆಮೇಲೆ ದಿನಚರಿ ಬದಲಾಯಿಸಿದೆವು. ಬೆಳಿಗ್ಗೆ ಎಂಟರಿಂದ ಹನ್ನೊಂದು ಹೊರಗೆ. ಹನ್ನೊಂದರಿಂದ ನಾಲ್ಕು ರೂಮು ಅಥವಾ ಮಾಲ್. ನಾಲ್ಕರ ಮೇಲೆ ಮತ್ತೆ ಹೊರಗೆ. ಓಆರ್‌ಎಸ್ ಪುಡಿ ಊರಿನಿಂದಲೇ ಒಯ್ಯಿರಿ. ಬಿಪಿ, ಶುಗರ್ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಸಮೇತ ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್‌ನಲ್ಲಿ ಬೇಡ.

ಪಣಂಬೂರು_ಅಲೆ
ದಿನಾಂಕದ ಬಗ್ಗೆ ನಾನು ಒಂದು ಮಾತು ಸೇರಿಸುತ್ತೇನೆ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಅವರ ಹೊಸವರ್ಷ. ಹೆಸರು ನಮ್ಮ 'ಸಂಕ್ರಾಂತಿ'ಯೇ. ಸೂರ್ಯ ಮೇಷಕ್ಕೆ ಬರುವ ದಿನ. ನಮ್ಮ ತುಳುನಾಡಿನಲ್ಲಿ ಅದೇ ಹೊತ್ತಿಗೆ ಬಿಸು. ನಾವು ಕಣಿ ಇಡುತ್ತೇವೆ, ಹಿರಿಯರ ಕಾಲಿಗೆ ಬೀಳುತ್ತೇವೆ. ಅವರು ಹಿರಿಯರ ಅಂಗೈಗೆ ಪರಿಮಳದ ನೀರು ಹೊಯ್ದು ಆಶೀರ್ವಾದ ಕೇಳುತ್ತಾರೆ. ನಾನು ಅದನ್ನು ಒಂದು ಬೌದ್ಧ ವಿಹಾರದ ಜಗಲಿಯಲ್ಲಿ ನೋಡಿದೆ. ಒಬ್ಬ ಮುದುಕಿ ಎರಡೂ ಕೈ ಚಾಚಿ ಕೂತಿದ್ದರು, ಮೊಮ್ಮಕ್ಕಳು ಸಾಲಾಗಿ ಬಂದು ಮಲ್ಲಿಗೆ ಎಸಳು ತೇಲುವ ನೀರನ್ನು ಸಣ್ಣ ಬೆಳ್ಳಿ ಬಟ್ಟಲಿನಿಂದ ಹೊಯ್ಯುತ್ತಿದ್ದರು. ನನಗೆ ನಮ್ಮ ಅಜ್ಜಿಯ ನೆನಪಾಯಿತು.

ರಸ್ತೆಯಲ್ಲಿ ಮಾತ್ರ ಮೂರೂ ದಿನ ನೀರೆರಚಾಟ. ಬ್ಯಾಂಕಾಕ್‌ನ ಸೀಲೋಮ್ ರಸ್ತೆ, ಖಾವ್ ಸಾನ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಎಲ್ಲರೂ ಊರಿಗೆ ಹೊರಡುತ್ತಾರೆ, ರೈಲು, ಬಸ್ಸು ತುಂಬಿರುತ್ತವೆ, ಹೆದ್ದಾರಿಯಲ್ಲಿ ಅಪಘಾತ ಜಾಸ್ತಿ. ಹರೆಯದವರಿಗೆ ಅದು ಸೊಗಸಾದ ಹಬ್ಬ. ಅಪ್ಪ-ಅಮ್ಮ ಜೊತೆಗಿದ್ದಾಗ 10ರಿಂದ 17ರವರೆಗಿನ ವಾರ ಬಿಟ್ಟುಬಿಡಿ. ಏಪ್ರಿಲ್ 20ರ ಮೇಲೆ ಅಥವಾ ಮೇ ಮೊದಲ ವಾರ ಸರಿ.

ಇನ್ನು ಸಮುದ್ರ. ನಮಗೆ ಇಲ್ಲಿ ಸೂರ್ಯ ನೀರಿಗೆ ಮುಳುಗುವುದು ರೂಢಿ. ಹುವಾ ಹಿನ್ ದಡ ಪೂರ್ವಕ್ಕೆ ಮುಖ ಮಾಡಿದೆ. ಅಲ್ಲಿ ಸೂರ್ಯ ನೀರಿನಿಂದ ಮೇಲೆ ಬರುತ್ತಾನೆ. ಆರು ಗಂಟೆಗೆ ದಡದಲ್ಲಿರಿ, ಹಿರಿಯರಿಗೂ ಅದೇ ತಂಪು ಹೊತ್ತು. ಭರತ ಏರಿದಾಗ ಮರಳು ಕಿರಿದಾಗುತ್ತದೆ, ಕೆಲವು ಕಡೆ ನೀರು ಗೋಡೆಗೇ ಬರುತ್ತದೆ. ಹೋಟೆಲಿನಲ್ಲಿ ಮಾರನೇ ದಿನದ ಇಳಿತದ ಸಮಯ ಕೇಳಿಟ್ಟುಕೊಳ್ಳಿ. ಇಳಿತದಲ್ಲಿ ಅಗಲವಾದ ಗಟ್ಟಿ ಮರಳು, ಅಮ್ಮನವರು ಆರಾಮವಾಗಿ ನಡೆಯಬಹುದು. ನೀರಿನ ಬಣ್ಣ ಫುಕೆಟ್‌ನ ಹಾಗೆ ನೀಲಿ ಇಲ್ಲ, ಇದನ್ನು ಮಕ್ಕಳಿಗೆ ಮೊದಲೇ ಹೇಳಿ.

ಹುಬ್ಬಳ್ಳಿ_ಮಂದಿ
ಮೀಟರ್ ಗೇಜ್ ವಿಷಯ ಓದಿದ ಮೇಲೆ ನಾನೂ ಹುವಾ ಹಿನ್‌ಗೇ ಹೂಂ ಅಂತೀನ್ರಿ. ನಮ್ಮ ಕಾಕಾ ಕೂಡ ಹುಬ್ಬಳ್ಳಿ ವರ್ಕ್‌ಶಾಪ್‌ನಲ್ಲಿದ್ದವರು.

ಜಯನಗರ_4ನೇ_ಬ್ಲಾಕ್
ಕಾಗದಪತ್ರದ ವಿಷಯ ನಾನು ಹೇಳುತ್ತೇನೆ. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳ ಅವಧಿ ಇರಬೇಕು. ಮಕ್ಕಳದ್ದು ಐದೇ ವರ್ಷಕ್ಕೆ ಮುಗಿಯುತ್ತದೆ, ಇವತ್ತೇ ತೆಗೆದು ನೋಡಿ. 2024ರ ಜುಲೈಯಲ್ಲಿ ಭಾರತೀಯರಿಗೆ 60 ದಿನ ವೀಸಾ ಬೇಡ ಅಂತ ಮಾಡಿದರು. ಇಂಥ ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡಿಸುವ ಮುಂಚೆ ಥಾಯ್ ರಾಯಭಾರ ಕಚೇರಿಯ ವೆಬ್‌ಸೈಟ್ ನೋಡಲೇಬೇಕು. 2025ರ ಮೇ 1ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು, ಮಕ್ಕಳಿಗೂ ಸೇರಿ. ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ.

ಒಂದು ಬಾತ್ ಅಂದರೆ ಹೆಚ್ಚುಕಡಿಮೆ ಎರಡೂವರೆಯಿಂದ ಮೂರು ರೂಪಾಯಿ. ನಮ್ಮ ಕಾರ್ಡ್ ಹಾಕಿ ಎಟಿಎಂನಲ್ಲಿ ತೆಗೆದರೆ ಪ್ರತಿ ಸಲ 220 ಬಾತ್ ಆಸುಪಾಸು ಹಿಡಿದುಕೊಳ್ಳುತ್ತಾರೆ, ಹಾಗಾಗಿ ಒಂದೇ ಸಲ ಜಾಸ್ತಿ ತೆಗೆಯಿರಿ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹಣ ಬದಲಿಸುವುದಾದರೆ ಮೇಲಿನ ಮಹಡಿಯಲ್ಲಿ ಬೇಡ. ಕೆಳಗೆ, ರೈಲ್ ಲಿಂಕ್ ಹತ್ತುವ ನೆಲಮಾಳಿಗೆಯಲ್ಲಿ ಇರುವ ಕೌಂಟರ್‌ಗಳಲ್ಲಿ ದರ ಚೆನ್ನಾಗಿರುತ್ತದೆ. ನಮ್ಮ ಫೋನ್ ಚಾರ್ಜರ್‌ನ ಎರಡು ಕಡ್ಡಿಯ ಪ್ಲಗ್ ಅಲ್ಲಿ ಹಿಡಿಯುತ್ತದೆ, ಮೂರು ಕಡ್ಡಿಯದು ಹಿಡಿಯುವುದಿಲ್ಲ. ಇ-ಸಿಗರೇಟ್ ಆ ದೇಶದಲ್ಲಿ ನಿಷೇಧ, ಮನೆಯಲ್ಲಿ ಯಾರಿಗಾದರೂ ಅಭ್ಯಾಸ ಇದ್ದರೆ ಊರಲ್ಲೇ ಬಿಟ್ಟು ಬನ್ನಿ.

ಸ್ಕೂಟರ್ ಬಾಡಿಗೆ ಬೇಡವೇ ಬೇಡ. ನನ್ನ ಭಾವಮೈದ ಒಂದು ದ್ವೀಪದಲ್ಲಿ ಬಿದ್ದು ಮೊಣಕೈ ಮುರಿದುಕೊಂಡ. ಅಂತರರಾಷ್ಟ್ರೀಯ ಪರ್ಮಿಟ್ ಇರಲಿಲ್ಲ ಅಂತ ವಿಮೆಯವರು ಒಂದು ಪೈಸೆ ಕೊಡಲಿಲ್ಲ.

ಅರಸೀಕೆರೆ_ಜಂಕ್ಷನ್
ತುಂಬಾ ತುಂಬಾ ಧನ್ಯವಾದ. ಜಯನಗರದ ಸರ್, ನೀವು ಹೇಳಿದ್ದು ನೋಡಿ ತೆಗೆದರೆ ಚಿಕ್ಕವಳ ಪಾಸ್‌ಪೋರ್ಟ್ ಜೂನ್‌ಗೆ ಮುಗಿಯುತ್ತಿತ್ತು! ನಾಳೆಯೇ ಅರ್ಜಿ ಹಾಕುತ್ತೇವೆ.

ಈಗ ನನ್ನ ದೊಡ್ಡ ಚಿಂತೆ ಅಮ್ಮನ ಊಟ. ಅಮ್ಮ ಮನೆಯಲ್ಲಿ ಮಾಡಿದ್ದು ಬಿಟ್ಟು ಹೊರಗೆ ತಿಂದದ್ದೇ ಕಡಿಮೆ. ಹೋಟೆಲಿನವರು 'ವೆಜ್' ಅಂದರೆ ನಂಬಬಹುದಾ?

ತುಂಗಾತೀರ
ಸುಮ್ನೆ 'ವೆಜ್' ಅಂದರೆ ನಂಬಬೇಡಿ. ಅವರು ಮೋಸ ಮಾಡುತ್ತಾರೆ ಅಂತಲ್ಲ. ಇಲ್ಲಿ ಮೀನಿನ ಸಾಸ್, ಅಂದರೆ 'ನಾಮ್ ಪ್ಲಾ', ನಮ್ಮ ಉಪ್ಪಿನ ಜಾಗದಲ್ಲಿದೆ. ಬರೀ ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. ಕರಿ ಅರೆಯುವಾಗಲೇ ಸಿಗಡಿ ಮುದ್ದೆ ಸೇರಿರುತ್ತದೆ. ಪರಂಗಿಕಾಯಿ ಕೋಸಂಬರಿಯ ಹಾಗಿರುವ 'ಸೋಮ್ ತಮ್'ಗೂ ಒಣಸಿಗಡಿ ಬೀಳುತ್ತದೆ.

ನೀವು ಕಲಿಯಬೇಕಾದ ಮಾತು 'ಜೇ'. 'ಕಿನ್ ಜೇ' ಅಂದರೆ ಜೇ ಊಟ ಮಾಡುವುದು. ಚೀನೀ ಬೌದ್ಧರ ವ್ರತದ ಊಟ ಅದು. ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿಯ ಅಡುಗೆಗೂ ಅದಕ್ಕೂ ತುಂಬಾ ಹತ್ತಿರ. ಅಂಗಡಿಯ ಮುಂದೆ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ, ಪೊಟ್ಟಣಗಳ ಮೇಲೂ ಅದೇ ಗುರುತು. ಅಕ್ಷರದ ಚಿತ್ರ ಫೋನಿನಲ್ಲಿ ಇಟ್ಟುಕೊಳ್ಳಿ, ಮಕ್ಕಳಿಗೆ ಹುಡುಕುವ ಕೆಲಸ ಕೊಡಿ. ಇನ್ನೊಂದು ಪದ 'ಮಂಗ್ಸಾವಿರತ್'. ಬಿಡಿಸಿ ನೋಡಿದರೆ ಮಾಂಸ-ವಿರತಿ. ಆದರೆ ಅದರಲ್ಲಿ ಮೊಟ್ಟೆ ಇರಬಹುದು. ಅಮ್ಮನಿಗೆ ಜೇ ಒಂದೇ ಭದ್ರ. ಪೆಚಬುರಿಯ 'ಖನೋಮ್ ಮೋ ಕೇಂಗ್' ನೋಡಲು ನಮ್ಮ ಗಿಣ್ಣಿನ ಹಾಗಿರುತ್ತದೆ, ಅದರಲ್ಲೂ ಮೊಟ್ಟೆ ಇದೆ, ಹುಷಾರು.

ಹಣ್ಣಿಗೆ ಮಾತ್ರ ನೀವು ಸರಿಯಾದ ಕಾಲಕ್ಕೆ ಬರುತ್ತಿದ್ದೀರಿ. ಏಪ್ರಿಲ್-ಮೇ ಮಾವಿನ ಕಾಲ. 'ನಾಮ್ ದೋಕ್ ಮಾಯ್' ಅನ್ನುವ ಉದ್ದನೆಯ ಹಳದಿ ಹಣ್ಣು, ನಾರೇ ಇಲ್ಲ. ಅದರ ಜೊತೆ ಅಂಟಕ್ಕಿ ಅನ್ನಕ್ಕೆ ತೆಂಗಿನಹಾಲು ಹೊಯ್ದು ಕೊಡುತ್ತಾರೆ, 'ಖಾವ್ ನಿಯಾವ್ ಮಮುವಾಂಗ್'. ನಮ್ಮಮ್ಮ ಬಂದಾಗ ಮೂರು ದಿನ ರಾತ್ರಿ ಅದನ್ನೇ ಊಟ ಮಾಡಿದರು. ರಂಬುಟಾನ್, ಮ್ಯಾಂಗೋಸ್ಟೀನ್ ಕೂಡ ಮೇ ಹೊತ್ತಿಗೆ ಬರುತ್ತವೆ.

ಬ್ಯಾಂಕಾಕ್‌ನಲ್ಲಿ ಇಡ್ಲಿ ದೋಸೆ ಬೇಕಾದರೆ ಸೀಲೋಮ್‌ನ ಮಾರಿಯಮ್ಮನ ಗುಡಿ ಸುತ್ತ ಸಿಗುತ್ತದೆ. ಉತ್ತರದ ಊಟ, ಮಿಠಾಯಿ ಎಲ್ಲ ಪಾಹುರಾತ್ ಪೇಟೆಯಲ್ಲಿ. ಗಟ್ಟಿ ಅವಲಕ್ಕಿ, ಚಟ್ನಿಪುಡಿ, ಹುಣಸೆಗೊಜ್ಜು ತನ್ನಿ. ರೂಮಿನಲ್ಲಿ ಬಿಸಿನೀರಿನ ಕೆಟಲ್ ಇರುತ್ತದೆ.

ಕಬ್ಬಿನಗದ್ದೆ
ದೇವಸ್ಥಾನ ಯಾವುದು ನೋಡಬೇಕು ಅಂತಲೂ ಬರೆಯಿರಿ ಅಕ್ಕ. ನಾವು ಹೋದಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೇ ಜಾಸ್ತಿ.

ತುಂಗಾತೀರ
ಮಂಡಿನೋವು ಇರುವವರಿಗೆ ನಾನು ಮೊದಲು ವಾಟ್ ಪೋ ಹೇಳುತ್ತೇನೆ. ನೆಲ ಸಮ, ಮೆಟ್ಟಿಲು ಕಡಿಮೆ. ಮಲಗಿದ ಬುದ್ಧ 46 ಮೀಟರ್ ಉದ್ದ. ಅಂಗಾಲಿನ ಮೇಲೆ ಮುತ್ತಿನ ಚಿಪ್ಪಿನಲ್ಲಿ 108 ಮಂಗಳಚಿಹ್ನೆ. ಬೆನ್ನಿನ ಕಡೆ ಗೋಡೆಯುದ್ದಕ್ಕೂ 108 ಕಂಚಿನ ಪಾತ್ರೆ ಇಟ್ಟಿದ್ದಾರೆ. ಚಿಲ್ಲರೆ ಕಾಸು ಕೊಂಡು ಒಂದೊಂದರಲ್ಲಿ ಒಂದೊಂದು ಹಾಕುತ್ತಾ ಹೋಗಬೇಕು. ಇಡೀ ಸಭಾಂಗಣದಲ್ಲಿ ಆ ಟಿಣ್ ಟಿಣ್ ಸದ್ದು ಒಂದೇ. ಟಿಕೆಟ್ 300 ಬಾತ್.

ರಾಜಮಹಲ್ 500 ಬಾತ್. ದುಬಾರಿ ಅನಿಸಿದರೂ ಪಚ್ಚೆ ಬುದ್ಧನ ಗುಡಿಯ ಸುತ್ತಿನ ಮೊಗಸಾಲೆಗೋಸ್ಕರ ಹೋಗಿ. ಗೋಡೆಯ ಮೇಲೆ 178 ಚಿತ್ರಗಳಲ್ಲಿ ಇಡೀ ರಾಮಾಯಣ ಬರೆದಿದ್ದಾರೆ, ಅವರು 'ರಾಮಕಿಯೆನ್' ಅನ್ನುತ್ತಾರೆ. ಅಲ್ಲಿ ನೆರಳಿದೆ. ಮಕ್ಕಳನ್ನು ಅಜ್ಜ-ಅಜ್ಜಿಯ ಕೈಗೆ ಕೊಟ್ಟುಬಿಡಿ, ಯಾವ ಚಿತ್ರ ಯಾವ ಕಥೆ ಅಂತ ಅವರೇ ಹೇಳುತ್ತಾರೆ. ಗೈಡ್ ಬೇಕಾಗುವುದಿಲ್ಲ. ಭುಜ, ಮಂಡಿ ಮುಚ್ಚುವ ಬಟ್ಟೆ ಎಲ್ಲರಿಗೂ ಬೇಕು. ಬಾಗಿಲ ಹತ್ತಿರ ಯಾರಾದರೂ ಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ" ಅಂದರೆ ನಿಲ್ಲಬೇಡಿ, ನೇರ ಟಿಕೆಟ್ ಕೌಂಟರ್‌ಗೆ ನಡೆಯಿರಿ. ವಾಟ್ ಅರುಣ್ ಮೆಟ್ಟಿಲು ತುಂಬಾ ಕಡಿದು. ಅದನ್ನು ಸಂಜೆ ದೋಣಿಯಿಂದ ನೋಡುವುದೇ ಚೆಂದ. ಕಿತ್ತಳೆ ಬಾವುಟದ ದೋಣಿಗೆ 16 ಬಾತ್.

ಎರವಾನ್ ಗುಡಿಯನ್ನು ಅಮ್ಮನಿಗೆ ತೋರಿಸಲೇಬೇಕು. ಪೇಟೆಯ ನಡುವೆ, ಮೇಲೆ ಮೆಟ್ರೋ ಓಡುವ ಜಾಗದಲ್ಲಿ, 1956ರಲ್ಲಿ ಸ್ಥಾಪಿಸಿದ ನಾಲ್ಕು ಮುಖದ ಬ್ರಹ್ಮ. ನಮ್ಮಲ್ಲಿ ಬ್ರಹ್ಮನಿಗೆ ಪೂಜೆ ಇಲ್ಲ ಅಂತಾರೆ, ಅಲ್ವಾ? ಇಲ್ಲಿ ಆಫೀಸಿಗೆ ಹೋಗುವವರು ಚೆಂಡುಹೂವಿನ ಹಾರ ಹಿಡಿದು ಬೆಳಿಗ್ಗೆ ಬೆಳಿಗ್ಗೆ ನಿಂತಿರುತ್ತಾರೆ.

ಹುವಾ ಹಿನ್ ಕಡೆ ನೋಡಲೇಬೇಕಾದ್ದು ಚಾ-ಆಮ್ ಹತ್ತಿರದ ಮೃಗದಾಯವನ ಅರಮನೆ. ಆರನೇ ರಾಮ 1920ರ ದಶಕದಲ್ಲಿ ತೇಗದಲ್ಲಿ ಕಟ್ಟಿಸಿದ್ದು. 1080 ಕಂಬಗಳ ಮೇಲೆ ನಿಂತಿದೆ. ಕಂಬದ ಬುಡಕ್ಕೆ ಸುತ್ತಲೂ ಕಾಲುವೆ ಕೊರೆದು ನೀರು ನಿಲ್ಲಿಸುತ್ತಿದ್ದರು, ಇರುವೆ ಹತ್ತಬಾರದು ಅಂತ. ನಮ್ಮಜ್ಜಿ ಹಾಲಿನ ಬೀರುವಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಅದೇ ಉಪಾಯ. ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿ, ಆಗಾಗ ದುರಸ್ತಿ ನಡೆಯುತ್ತಿರುತ್ತದೆ. ಊರೊಳಗೆ ಓಡಾಡಲು ಹಸಿರು 'ಸೋಂಗ್ ಥೇವ್' ಇದೆ. ಹಿಂದೆ ಎರಡು ಸಾಲು ಬೆಂಚು ಇರುವ ಟೆಂಪೋ.

ಜಯನಗರ_4ನೇ_ಬ್ಲಾಕ್
ಇನ್ನೊಂದು. ಬೆಳಿಗ್ಗೆ 8, ಸಂಜೆ 6ಕ್ಕೆ ನಿಲ್ದಾಣ, ಪಾರ್ಕುಗಳಲ್ಲಿ ರಾಷ್ಟ್ರಗೀತೆ ಬರುತ್ತದೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ, ನೀವೂ ನಿಲ್ಲಿ. ರಾಜನ ಬಗ್ಗೆ ಹಗುರವಾಗಿ ಮಾತಾಡುವುದು ಅಲ್ಲಿ ಅಪರಾಧ. ಮಕ್ಕಳಿಗೂ ಹೇಳಿಡಿ.

ಅರಸೀಕೆರೆ_ಜಂಕ್ಷನ್
ತೀರ್ಮಾನ ಆಯಿತು. ಏಪ್ರಿಲ್ 21ಕ್ಕೆ ಬೆಂಗಳೂರಿನಿಂದ. ನಮ್ಮ ವಿಮಾನ ಬೆಳಗಿನ ಜಾವ ಇಳಿಯುತ್ತದೆ, ಅವತ್ತು ಯಾರಿಗೂ ಏನೂ ಕೆಲಸ ಇಲ್ಲ, ಒಂದು ರಾತ್ರಿ ಬಾಂಗ್ ಸೂ ಹತ್ತಿರ ವಿಶ್ರಾಂತಿ. ಮಾರನೇ ಬೆಳಿಗ್ಗೆ ರೈಲು. ಮೂರು ರಾತ್ರಿ ಹುವಾ ಹಿನ್. ಸಾಮಾನ್ಯ ರೈಲಿನಲ್ಲಿ ವಾಪಸ್. ಕೊನೆಯ ಮೂರು ರಾತ್ರಿ ಬ್ಯಾಂಕಾಕ್. ಕಬ್ಬಿನಗದ್ದೆಯವರ ಮಾತಿನಂತೆ ದಿನಕ್ಕೆ ಒಂದೇ ಜಾಗ. ಅಪ್ಪ ನಿನ್ನೆ ಹಳೆ ಪೆಟ್ಟಿಗೆಯಿಂದ ತಮ್ಮ ವಿಸಿಲ್ ಹುಡುಕಿ ತೆಗೆದಿದ್ದಾರೆ. ಯಾಕೆ ಅಂತ ನಾವು ಕೇಳಲಿಲ್ಲ.

ಅರಸೀಕೆರೆ_ಜಂಕ್ಷನ್ (ಮೇ 3)
ಎಲ್ಲರಿಗೂ ನಮಸ್ಕಾರ, ಹೋಗಿ ಬಂದೆವು. ನಿಮ್ಮೆಲ್ಲರಿಗೂ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಬಿಸಿಲು ಕಲಬುರ್ಗಿಯವರು ಹೇಳಿದ ಹಾಗೇ ಇತ್ತು. ಹನ್ನೊಂದರ ಮೇಲೆ ಒಂದು ದಿನವೂ ಹೊರಗಿರಲಿಲ್ಲ, ಯಾರಿಗೂ ಆರೋಗ್ಯ ಕೆಡಲಿಲ್ಲ. ಅಮ್ಮ ಜೇ ಬಾವುಟ ಕಂಡಲ್ಲೆಲ್ಲ ಧೈರ್ಯವಾಗಿ ಕೂತರು. ಎರಡನೇ ದಿನದ ಹೊತ್ತಿಗೆ "ನಾಮ್ ಪ್ಲಾ ಬೇಡ" ಅಂತ ಥಾಯ್‌ನಲ್ಲಿ ತಾವೇ ಹೇಳುತ್ತಿದ್ದರು. ವಾಟ್ ಪೋದಲ್ಲಿ 108 ಪಾತ್ರೆಗೂ ಕಾಸು ಹಾಕಿದರು, ಮಂಡಿಯ ಮಾತೇ ಎತ್ತಲಿಲ್ಲ. ಹುವಾ ಹಿನ್‌ನಲ್ಲಿ ಮೂರೂ ದಿನ ಸೂರ್ಯ ಹುಟ್ಟುವುದನ್ನು ನೋಡಿದೆವು. ನೀರು ನೀಲಿ ಇರಲಿಲ್ಲ, ಮಕ್ಕಳು ಕೇಳಲೂ ಇಲ್ಲ.

ಅಪ್ಪ ಹಳೇ ನಿಲ್ದಾಣದಲ್ಲಿ ಒಂದೂವರೆ ಗಂಟೆ ಇದ್ದರು. ಮರದ ಕಂಬ ಮುಟ್ಟಿ ನೋಡಿದರು, ಅಲ್ಲಿದ್ದ ಹಿತ್ತಾಳೆ ಗಂಟೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಬರುವಾಗಿನ ರೈಲಿನಲ್ಲಿ ಕಿಟಕಿ ಪಕ್ಕ ಕೂತು ಮಗನಿಗೆ ಕಿಲೋಮೀಟರ್ ಕಲ್ಲು ಎಣಿಸಿ ವೇಗ ಲೆಕ್ಕ ಹಾಕುವುದು ಕಲಿಸಿದರು. ಯಾವುದೋ ಸಣ್ಣ ನಿಲ್ದಾಣದಲ್ಲಿ ರೈಲು ನಿಂತಾಗ ನಮ್ಮ ಗಾಡಿಯ ಗಾರ್ಡ್ ಪಕ್ಕದಲ್ಲೇ ಪ್ಲಾಟ್‌ಫಾರ್ಮ್ ಮೇಲೆ ನಡೆದು ಬಂದರು. ಐವತ್ತರ ಆಸುಪಾಸಿನವರು. ಅಪ್ಪ ಜೇಬಿನಿಂದ ವಿಸಿಲ್ ತೆಗೆದು ಅಂಗೈ ಮೇಲೆ ಇಟ್ಟು ಕಿಟಕಿಯಿಂದಲೇ ತೋರಿಸಿದರು. ಭಾಷೆ ಇಲ್ಲ, ಏನಿಲ್ಲ. ಆ ಮನುಷ್ಯ ಅದನ್ನು ನೋಡಿ, ಅಪ್ಪನ ಮುಖ ನೋಡಿ, ತಮ್ಮ ವಿಸಿಲ್ ತೆಗೆದು ತೋರಿಸಿದರು. ಆಮೇಲೆ ಎರಡೂ ಕೈ ಜೋಡಿಸಿದರು. ರೈಲು ಹೊರಟ ಮೇಲೆ ಅಪ್ಪ ತುಂಬಾ ಹೊತ್ತು ಹೊರಗೇ ನೋಡುತ್ತಿದ್ದರು.

ತುಂಗಾತೀರ
ಓದಿ ಕಣ್ಣು ತುಂಬಿತು. ಅಂದ ಹಾಗೆ ಯಾವ ಕಡೆ ಕೂತಿದ್ದಿರಿ? ಜೂನ್‌ನಲ್ಲಿ ನಮ್ಮ ಮಾವ ಬರುತ್ತಿದ್ದಾರೆ, ಅವರಿಗೂ ಇದೇ ರೈಲು ಅಂದುಕೊಂಡಿದ್ದೇನೆ.

ಅರಸೀಕೆರೆ_ಜಂಕ್ಷನ್
ಅಕ್ಕ, ಬ್ಯಾಂಕಾಕ್‌ಗೆ ಬರುವಾಗ ಬಲಗಡೆ ಕೂರಿಸಿ. ಮಧ್ಯಾಹ್ನದ ಬಿಸಿಲು ಎಡಗಡೆ ಹೊಡೆಯುತ್ತದೆ. ನಖೋನ್ ಪಥೋಮ್‌ನ ದೊಡ್ಡ ಸ್ತೂಪವೂ ಬಲಗಡೆಯೇ ಕಾಣುತ್ತದೆ. ಪೆಚಬುರಿಯಲ್ಲಿ ತಾಟಿನುಂಗು ಮಾರುವವರು ಹತ್ತುತ್ತಾರೆ, ಹತ್ತಿಪ್ಪತ್ತು ಬಾತ್ ಚಿಲ್ಲರೆ ಕೈಯಲ್ಲಿ ಇಟ್ಟುಕೊಂಡಿರಲಿ.